ಹೆಬ್ಬೆರಳ ಬುಡದ ನೋವನ್ನು ಅಳೆಯಿಸಿಕೊಂಡ ಅನುಭವ

ನನ್ನ ಎರಡೂ ಕೈಗಳ ಹೆಬ್ಬೆರಳ ಬುಡದ ಕೀಲು ಸವೆದಿದೆ ಎಂದು ಎಕ್ಸ್-ರೇ ನೋಡಿ ವೈದ್ಯರು ಹೇಳಿದ ಮೇಲೆ ಮೊದಲು ಆರಂಭವಾದದ್ದು ಚಿಕಿತ್ಸೆಗಿಂತ ಮುಂಚಿನ ಅಳತೆ. ಕೀಲನ್ನು ಅಲುಗದಂತೆ ಹಿಡಿದಿಡುವ ಸ್ಪ್ಲಿಂಟ್ ಎಂಬ ಆಧಾರಪಟ್ಟಿ, ವ್ಯಾಯಾಮ, ನೋವಿನ ಮುಲಾಮು, ಸ್ಟೀರಾಯ್ಡ್ ಚುಚ್ಚುಮದ್ದು, ಕೊನೆಗೆ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದು ಯಾವಾಗ ಬೇಕೆಂದು ತೀರ್ಮಾನಿಸುವ ಮೊದಲು ನನಗೆ ಎಷ್ಟು ನೋವಿದೆ, ಯಾವ ಕೆಲಸ ಮಾಡಲು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ನನ್ನನ್ನೇ ಕೇಳಿ ಅಂಕಿಗಳಲ್ಲಿ ಬರೆದಿಟ್ಟುಕೊಳ್ಳಬೇಕು ಎಂದು ಅವರು ಹೇಳಿ, ಕೈಗಳಿಗೆಂದೇ ಚಿಕಿತ್ಸೆ ನೀಡುವ ಥೆರಪಿಸ್ಟ್ ಒಬ್ಬರ ಬಳಿಗೆ ಕಳುಹಿಸಿದರು. ನಾನು ಬಟ್ಟೆ ಹೊಲಿಯುವವಳು. ಅಳತೆ ತೆಗೆದುಕೊಳ್ಳುವುದು ನನ್ನ ನಿತ್ಯದ ಕೆಲಸವಾದರೂ ನೋವಿಗೆ ಅಳತೆ ಹೇಗೆ ಎಂಬುದು ನನಗೆ ತಿಳಿದಿರಲಿಲ್ಲ. ಆ ಅಳತೆ ಹೇಗೆ ನಡೆಯಿತು, ಅದರಲ್ಲಿ ಯಾವುದು ನನ್ನ ಕೈಯ ಸ್ಥಿತಿಯನ್ನು ಸರಿಯಾಗಿ ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ತೊಂದರೆಯಿರುವವರು ಇಂಥ ಪ್ರಶ್ನಾವಳಿಯ ಮುಂದೆ ಕುಳಿತಾಗ ಇದು ಉಪಯೋಗಕ್ಕೆ ಬರಬಹುದು ಎಂಬುದು ನನ್ನ ಆಸೆ.

ಕೀಲಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಮಣಿಕಟ್ಟಿನ ಟ್ರೆಪೀಜಿಯಂ ಎಂಬ ಸಣ್ಣ ಮೂಳೆಯೂ ಹೆಬ್ಬೆರಳಿನ ಮೊದಲ ಮೆಟಾಕಾರ್ಪಲ್ ಮೂಳೆಯೂ ಕುದುರೆಯ ಜೀನಿನ ಆಕಾರದಲ್ಲಿ ಒಂದರ ಮೇಲೊಂದು ಕೂರುವ ಜಾಗ ಅದು. ಹೆಬ್ಬೆರಳು ಎಲ್ಲ ದಿಕ್ಕಿಗೂ ಹೊರಳಿ ಉಳಿದ ಬೆರಳುಗಳನ್ನು ಮುಟ್ಟುವುದು ಈ ಆಕಾರದಿಂದಲೇ, ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಬೇಗ ಸವೆಯುವುದಕ್ಕೂ ಅದೇ ಒಂದು ಕಾರಣ. ಹೆಬ್ಬೆರಳ ತುದಿಯಲ್ಲಿ ಒಂದು ಕಿಲೋದಷ್ಟು ಒತ್ತಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋದಷ್ಟು ಭಾರ ಬೀಳುತ್ತದೆ ಎಂದು 1977ರಲ್ಲಿ ಕೂನಿ ಮತ್ತು ಚಾವ್ ಎಂಬ ಸಂಶೋಧಕರು ಲೆಕ್ಕ ಹಾಕಿದ್ದರು. ಸೂಜಿ ಹಿಡಿಯುವಂಥ ಹಗುರ ಕೆಲಸಕ್ಕೂ ಬುಡದಲ್ಲಿ ಏಕೆ ಅಷ್ಟು ನೋಯುತ್ತದೆ ಎಂಬ ನನ್ನ ಬಹುಕಾಲದ ಪ್ರಶ್ನೆಗೆ ಈ ಒಂದು ಅಂಕಿ ಉತ್ತರ ಕೊಟ್ಟಿತು. ಋತುಬಂಧದ ನಂತರದ ಹೆಂಗಸರಲ್ಲಿ ಈ ಸವೆತ ಹೆಚ್ಚು ಎಂಬುದನ್ನೂ ವೈದ್ಯರು ತಿಳಿಸಿದರು.

ಎಕ್ಸ್-ರೇಯಲ್ಲಿ ಕಾಣುವ ಸವೆತವನ್ನು ಈಟನ್ ಮತ್ತು ಲಿಟ್ಲರ್ ಎಂಬ ಶಸ್ತ್ರಚಿಕಿತ್ಸಕರು 1973ರಲ್ಲಿ ಸೂಚಿಸಿದ ಕ್ರಮದಂತೆ ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಅದರ ಪ್ರಕಾರ ನನ್ನ ಎಡಗೈ ಮೂರನೆಯ ಹಂತದಲ್ಲಿತ್ತು, ಬಲಗೈ ಎರಡನೆಯದರಲ್ಲಿ. ಆದರೆ ನಾನು ವೈದ್ಯರ ಬಳಿಗೆ ಹೋದದ್ದು ಬಲಗೈ ನೋವಿಗಾಗಿ. ಎಡಗೈ ವಿಷಯವನ್ನು ನಾನು ಎತ್ತಿಯೂ ಇರಲಿಲ್ಲ. ಚಿತ್ರ ಅದಲುಬದಲಾಗಿದೆಯೇ ಎಂದು ಕೇಳಿದೆ. ಇಲ್ಲ, ಎಕ್ಸ್-ರೇಯಲ್ಲಿ ಕಾಣುವ ಸವೆತಕ್ಕೂ ರೋಗಿ ಅನುಭವಿಸುವ ನೋವಿಗೂ ಬಿಗಿಯಾದ ಸಂಬಂಧವಿಲ್ಲ, ತುಂಬ ಸವೆದ ಕೀಲು ಸುಮ್ಮನಿರಬಹುದು, ಅಷ್ಟಾಗಿ ಸವೆಯದ ಕೀಲು ಕೆಲಸವನ್ನೇ ನಿಲ್ಲಿಸಬಹುದು, ಆದ್ದರಿಂದಲೇ ನಿಮ್ಮನ್ನು ಕೇಳಬೇಕಾಗಿದೆ ಎಂದು ಅವರು ವಿವರಿಸಿದರು. ರೋಗಿಯೇ ಹೇಳಿದ್ದನ್ನು ಯಾರೂ ತಿದ್ದದೆ, ವ್ಯಾಖ್ಯಾನಿಸದೆ ದಾಖಲಿಸುವ ಅಳತೆ ಎಂದು ಇದಕ್ಕೆ ಬೇರೆಯೇ ಸ್ಥಾನವಿದೆಯಂತೆ. ನನ್ನ ಮಾತಿಗೆ ಎಕ್ಸ್-ರೇಯಷ್ಟೇ ತೂಕವಿದೆ ಎಂದು ತಿಳಿದಾಗ ನನಗೆ ನಿಜವಾಗಿಯೂ ಸಮಾಧಾನವಾಯಿತು.

ಥೆರಪಿಸ್ಟ್ ಮೊದಲು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯನ್ನೇ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ಊಹಿಸಬಹುದಾದ ಅತ್ಯಂತ ದೊಡ್ಡ ನೋವು, ಕಳೆದ ವಾರದಲ್ಲಿ ನಿಮ್ಮ ನೋವು ಸರಾಸರಿ ಎಷ್ಟಿತ್ತು? ನಾನು ಮೂರು ಎಂದೆ. ಅವರು ಅದನ್ನು ಬರೆದುಕೊಂಡರು, ಆದರೆ ಮುಂದಿನ ಹಾಳೆಗೆ ಹೋಗಲಿಲ್ಲ.

"ಅಮ್ಮಾ, ಆ ಮೂರು ಸುಮ್ಮನೆ ಕುಳಿತಾಗಿನದೋ, ಕೆಲಸ ಮಾಡುವಾಗಿನದೋ?"

"ಎರಡೂ ಸೇರಿಸಿ ಹೇಳಿದೆ."

"ಕಳೆದ ವಾರ ದಪ್ಪ ಬಟ್ಟೆ ಎಷ್ಟು ಕತ್ತರಿಸಿದಿರಿ?"

ಕತ್ತರಿಸಿಯೇ ಇರಲಿಲ್ಲ. ಕೋಟಿನ ಬಟ್ಟೆ, ಜೀನ್ಸ್ ಬಟ್ಟೆ ಬಂದರೆ ನನ್ನ ಜೊತೆ ಕೆಲಸ ಮಾಡುವ ಹುಡುಗಿಯೇ ಕತ್ತರಿಸಿಕೊಡುತ್ತಿದ್ದಳು. ಹಾಗೆ ನೋಡಿದರೆ ಗುಂಡಿ ಹೊಲಿಯುವುದನ್ನೂ ಅವಳಿಗೆ ಬಿಟ್ಟುಕೊಟ್ಟು ಬಹಳ ಕಾಲವಾಗಿತ್ತು. ಬಿಗಿ ಮುಚ್ಚಳದ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಎಡ ಅಂಗೈಯಿಂದ ತಿರುಗಿಸುತ್ತಿದ್ದೆ, ಬೀಗದ ಕೀಲಿಯನ್ನು ತೋರುಬೆರಳು ಮತ್ತು ನಡುಬೆರಳಿನ ನಡುವೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದೆ. ಇವೆಲ್ಲ ಒಂದೊಂದಾಗಿ, ಯೋಚನೆಗೂ ಬಾರದ ಹಾಗೆ ರೂಢಿಯಾಗಿದ್ದವು. ನಾನು ಹೇಳಿದ ಮೂರು ಸುಳ್ಳಲ್ಲ. ನೋಯಿಸುವ ಕೆಲಸಗಳನ್ನೆಲ್ಲ ಹೊರಗಿಟ್ಟ ಮೇಲೆ ಉಳಿದ ವಾರದ ನೋವು ಅದು. ನೋವನ್ನು ಮಾತ್ರ ಕೇಳಿ, ಆ ನೋವು ಯಾವ ಕೆಲಸಗಳ ನಡುವೆ ಬಂತು ಎಂದು ಕೇಳದಿದ್ದರೆ, ಕೈಯನ್ನು ಬಳಸುವುದನ್ನೇ ಬಿಟ್ಟವರು ಎಲ್ಲರಿಗಿಂತ ಆರೋಗ್ಯವಂತರಾಗಿ ಕಾಣುತ್ತಾರೆ. ಈ ಇಡೀ ಪ್ರಕ್ರಿಯೆಯಲ್ಲಿ ನಾನು ಅರಿತ ಮುಖ್ಯ ವಿಷಯ ಇದೇ ಆಗಿರುವುದರಿಂದ ಮುಂದಿನ ಎಲ್ಲ ಹಾಳೆಗಳನ್ನೂ ಈ ದೃಷ್ಟಿಯಿಂದಲೇ ನೋಡಿದೆ.

ಥೆರಪಿಸ್ಟ್ ಅದನ್ನು ಬಾಯಿಮಾತಿಗೆ ಬಿಡದೆ ಪರೀಕ್ಷಿಸಿಯೂ ನೋಡಿದರು. ಮುಂದಿನ ಸಲ ಬರುವಾಗ ನನ್ನದೇ ಕತ್ತರಿಯನ್ನೂ, ನಾನು ಸಾಮಾನ್ಯವಾಗಿ ಹೊಲಿಯುವ ದಪ್ಪ ಬಟ್ಟೆಯ ತುಂಡೊಂದನ್ನೂ ತರಲು ಹೇಳಿದ್ದರು. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಸೀಮೆಸುಣ್ಣದಲ್ಲಿ ಒಂದು ಅಡಿ ಉದ್ದದ ಗೆರೆ ಎಳೆದು, ಕತ್ತರಿಸಿ ಎಂದರು. ಮೊದಲ ಮೂರು ನಾಲ್ಕು ಅಂಗುಲ ಸಲೀಸಾಗಿ ಸಾಗಿತು. ಆಮೇಲೆ ಕತ್ತರಿಯ ಬಾಯಿ ತೆರೆಯುವಾಗಲೇ ಹೆಬ್ಬೆರಳ ಬುಡದಲ್ಲಿ ಚುಚ್ಚತೊಡಗಿತು. ನೋವು ಬರುವುದು ಕತ್ತರಿಸುವ ಒತ್ತಡದಿಂದ ಎಂದು ಅದುವರೆಗೆ ತಿಳಿದಿದ್ದೆ, ತೆರೆಯುವಾಗಲೂ ಬರುತ್ತದೆ ಎಂಬುದನ್ನು ಗಮನಿಸಿದ್ದು ಆಗಲೇ. ಅರ್ಧ ಗೆರೆ ದಾಟುವ ಹೊತ್ತಿಗೆ ಕತ್ತರಿಯನ್ನು ಮೇಜಿನ ಅಂಚಿಗೆ ಆನಿಸಿ, ಮೊಣಕೈ ಎತ್ತಿ, ಭುಜದಿಂದ ನೂಕುತ್ತಿದ್ದೆ. ಗೆರೆಯ ಕೊನೆಯಲ್ಲಿ ಅವರು ಮತ್ತೆ ಅಂಕಿ ಕೇಳಿದರು. ಎಂಟು ಎಂದೆ. ವಿಶ್ರಾಂತಿಯಲ್ಲಿ ಒಂದು, ಸೂಜಿ ಹಿಡಿದು ಹೆಮ್ಮಿಂಗ್ ಮಾಡುವಾಗ ನಾಲ್ಕು, ದಪ್ಪ ಬಟ್ಟೆ ಕತ್ತರಿಸುವಾಗ ಎಂಟು ಎಂದು ಮೂರು ಸಾಲುಗಳಲ್ಲಿ ಬರೆದುಕೊಂಡು, ಮೊದಲಿನ ಮೂರನ್ನು ಅಳಿಸದೆ ಪಕ್ಕದಲ್ಲೇ ಉಳಿಸಿಕೊಂಡರು.

ಆನಂತರ ಕೈಗೆ ಬಂದದ್ದು ಕ್ವಿಕ್‌ಡ್ಯಾಶ್ ಎಂಬ ಪ್ರಶ್ನಾವಳಿ. ತೋಳು, ಭುಜ, ಕೈ ಮೂರಕ್ಕೂ ಸೇರಿ 1996ರಲ್ಲಿ ಬಂದ 30 ಪ್ರಶ್ನೆಗಳ ಡ್ಯಾಶ್ ಎಂಬುದನ್ನು 2005ರಲ್ಲಿ 11 ಪ್ರಶ್ನೆಗಳಿಗೆ ಇಳಿಸಿದ ರೂಪ ಇದು. ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಉತ್ತರ. ಒಂದು ಎಂದರೆ ತೊಂದರೆಯಿಲ್ಲ, ಐದು ಎಂದರೆ ಆಗುವುದೇ ಇಲ್ಲ. ಎಲ್ಲ ಉತ್ತರಗಳ ಸರಾಸರಿಯಿಂದ ಒಂದನ್ನು ಕಳೆದು 25ರಿಂದ ಗುಣಿಸಿದರೆ ಸೊನ್ನೆಯಿಂದ ನೂರರ ನಡುವಿನ ಒಂದು ಅಂಕ ಸಿಗುತ್ತದೆ, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಕನಿಷ್ಠ ಹತ್ತು ಪ್ರಶ್ನೆಗಳಿಗಾದರೂ ಉತ್ತರಿಸದಿದ್ದರೆ ಅಂಕ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಉತ್ತರಗಳ ಮೊತ್ತ 32, ಅಂಕ 47.7.

ಈ ಹಾಳೆಯ ಸೂಚನೆಗಳಲ್ಲಿ ಎರಡು ಅಂಶಗಳನ್ನು ಉತ್ತರಿಸುವವರು ನಿಧಾನವಾಗಿ ಓದಬೇಕು. ಕಳೆದ ವಾರ ಒಂದು ಕೆಲಸ ಮಾಡುವ ಸಂದರ್ಭವೇ ಬರದಿದ್ದರೆ, ಮಾಡಿದ್ದರೆ ಹೇಗಿರುತ್ತಿತ್ತು ಎಂದು ಅಂದಾಜು ಮಾಡಿ ಉತ್ತರಿಸಬೇಕು ಎಂಬುದು ಒಂದು. ಕೆಲಸ ಬಿಟ್ಟವರ ತೊಂದರೆ ಸೋರಿಹೋಗದಂತೆ ತಡೆಯುವ ಸೂಚನೆ ಇದು, ಹಾಗಾಗಿ ನನಗೆ ಬಹಳ ಬೆಲೆಯುಳ್ಳದ್ದೆನಿಸಿತು. ಯಾವ ಕೈಯಿಂದ ಮಾಡುತ್ತೀರಿ, ಹೇಗೆ ಮಾಡುತ್ತೀರಿ ಎಂಬುದು ಮುಖ್ಯವಲ್ಲ, ಮಾಡಲಾಗುತ್ತದೆಯೇ ಎಂಬುದಷ್ಟೇ ಮುಖ್ಯ ಎಂಬುದು ಇನ್ನೊಂದು. ಇದರಂತೆ ನಡೆದರೆ ಎಡ ಅಂಗೈಯಿಂದ ಮುಚ್ಚಳ ತೆಗೆಯುವ ನಾನು ಮುಚ್ಚಳ ತೆಗೆಯಬಲ್ಲವಳೇ ಆಗುತ್ತೇನೆ. ಬದುಕು ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಅದು ನ್ಯಾಯವಾದ ಅಳತೆ, ಆದರೆ ಬಲ ಹೆಬ್ಬೆರಳ ಬುಡದ ಕೀಲಿನ ಅಳತೆ ಅದಲ್ಲ. ಬೆನ್ನು ತೊಳೆದುಕೊಳ್ಳುವುದು ಕಷ್ಟವೇ, ತೋಳು ಅಥವಾ ಕೈಯಲ್ಲಿ ಜುಮುಗುಡುತ್ತದೆಯೇ ಎಂಬ ಪ್ರಶ್ನೆಗಳೂ ಅದರಲ್ಲಿವೆ. ಮೊದಲನೆಯದು ಬಹುಮಟ್ಟಿಗೆ ಭುಜಕ್ಕೆ ಸೇರಿದ್ದು, ಎರಡನೆಯದು ನರಕ್ಕೆ. ನನ್ನ ಕೀಲು ಎಷ್ಟೇ ಕೆಟ್ಟರೂ ಅಲ್ಲಿ ನಾನು ಒಂದು ಎಂದೇ ಬರೆಯಬೇಕು. ಭುಜ ಹಿಡಿದುಕೊಂಡವರು ಐದು ಎಂದು ಬರೆದರೆ ಅವರ ಹೆಬ್ಬೆರಳು ಚೆನ್ನಾಗಿದ್ದರೂ ಅಂಕ ಏರುತ್ತದೆ.

ಅದಕ್ಕಾಗಿ ಇನ್ನೆರಡು ಹಾಳೆಗಳನ್ನೂ ಕೊಟ್ಟರು. ಮಣಿಕಟ್ಟು ಮತ್ತು ಕೈಗೆಂದು ಮಾಡಿದ ಪಿಆರ್‌ಡಬ್ಲ್ಯೂಎಚ್ಇ ಎಂಬುದರಲ್ಲಿ 15 ಪ್ರಶ್ನೆಗಳು. ಐದು ನೋವಿಗೆ, ಹತ್ತು ಕೆಲಸಕ್ಕೆ, ಎರಡಕ್ಕೂ 50ರಂತೆ ಒಟ್ಟು 100 ಅಂಕ. ವಿಶ್ರಾಂತಿಯಲ್ಲಿ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವಾಗ, ಭಾರ ಎತ್ತುವಾಗ, ಅತಿ ಹೆಚ್ಚಾದಾಗ ಎಂದು ನೋವನ್ನು ಬಿಡಿಸಿ ಕೇಳಿ, ಎಷ್ಟು ಸಲ ಬರುತ್ತದೆ ಎಂಬುದನ್ನೂ ಕೇಳುವ ಕ್ರಮ ಅದರದ್ದು. ಕತ್ತರಿಯ ಪರೀಕ್ಷೆಯಲ್ಲಿ ಥೆರಪಿಸ್ಟ್ ಸ್ವತಃ ಮಾಡಿದ ವಿಂಗಡಣೆ ಇಲ್ಲಿ ಹಾಳೆಯಲ್ಲೇ ಅಚ್ಚಾಗಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಬಾಗಿಲ ಹಿಡಿ ತಿರುಗಿಸುವುದು ಮುಂತಾದ ಕೆಲಸಗಳು ಹೆಬ್ಬೆರಳನ್ನೇ ನೇರವಾಗಿ ಕೇಳಿದಂತಿದ್ದವು. ಇನ್ನೊಂದು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1998ರಲ್ಲಿ ಪ್ರಕಟವಾದ 37 ಪ್ರಶ್ನೆಗಳ ಹಾಳೆ. ಇದು ಎಡಗೈ ಬಲಗೈಗಳನ್ನು ಬೇರೆ ಬೇರೆಯಾಗಿ ಕೇಳುವುದರಿಂದ ನನ್ನಂಥವರಿಗೆ ತಕ್ಕದ್ದು. ಎಕ್ಸ್-ರೇಯಲ್ಲಿ ಹೆಚ್ಚು ಸವೆದ ಎಡಗೈ ಕೆಲಸದಲ್ಲಿ ಎಷ್ಟೋ ಚೆನ್ನಾಗಿದೆ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿ ಕಂಡದ್ದು ಇಲ್ಲೇ. ಕೈಯ ನೋಟದ ಬಗ್ಗೆಯೂ ಅದು ಕೇಳುತ್ತದೆ. ಬುಡದ ಮೂಳೆ ಹೊರಚಾಚಿ ಗಂಟಿನಂತೆ ಕಾಣುವುದು ನನಗೆ ಸಂಕೋಚ ತರುತ್ತದೆ ಎಂದು ನಾನು ಮೊದಲ ಸಲ ಯಾರಿಗಾದರೂ ಹೇಳಿದ್ದು ಆ ಹಾಳೆಗೆ. ಉದ್ದ ಮಾತ್ರ ಹೆಚ್ಚು. ಪ್ರತಿ ಭೇಟಿಯಲ್ಲೂ ಅಷ್ಟು ತುಂಬಿಸಿದರೆ ಕೊನೆಯ ಪುಟದ ಉತ್ತರಗಳು ಆಯಾಸದ ಉತ್ತರಗಳಾಗುತ್ತವೆ ಎಂಬುದು ನನ್ನ ಅಭಿಪ್ರಾಯ, ಅದರ 12 ಪ್ರಶ್ನೆಗಳ ಕಿರುರೂಪವೂ ಇದೆ. ಈ ಕೀಲಿಗೆಂದೇ ರೂಪಿಸಿದ ಪ್ರಶ್ನಾವಳಿಯೂ 2016ರಲ್ಲಿ ಪ್ರಕಟವಾಗಿದೆ, ನನಗೆ ಅದನ್ನು ಕೊಡಲಿಲ್ಲ.

ಇವೆಲ್ಲದರ ನಂತರವೂ ಕತ್ತರಿ ಎಂಬುದು ಯಾವ ಹಾಳೆಯಲ್ಲೂ ಇರಲಿಲ್ಲ. ಥೆರಪಿಸ್ಟ್ ಆಗ ಖಾಲಿ ಹಾಳೆಯೊಂದನ್ನು ಇಟ್ಟು, ನಿಮಗೆ ಬಹಳ ಬೇಕಾದ, ಈಗ ಸರಿಯಾಗಿ ಮಾಡಲಾಗದ ಕೆಲಸಗಳನ್ನು ನೀವೇ ಹೇಳಿ ಎಂದರು. ಕೆನಡಾದಲ್ಲಿ ರೂಪುಗೊಂಡ ಈ ಕ್ರಮದಲ್ಲಿ ರೋಗಿಯೇ ಐದರವರೆಗೆ ಕೆಲಸಗಳನ್ನು ಆರಿಸಿ, ಎಷ್ಟು ಚೆನ್ನಾಗಿ ಮಾಡಬಲ್ಲೆ, ಅದರಿಂದ ಎಷ್ಟು ತೃಪ್ತಿಯಿದೆ ಎಂದು ಒಂದರಿಂದ ಹತ್ತರವರೆಗೆ ಅಂಕ ಕೊಡಬೇಕು. ದಪ್ಪ ಬಟ್ಟೆ ಕತ್ತರಿಸುವುದು, ಸೂಜಿ ಎಳೆಯುವುದು, ಗುಂಡಿ ಹೊಲಿಯುವುದು, ಬೀಗದ ಕೀಲಿ ತಿರುಗಿಸುವುದು ಎಂದು ಬರೆಸಿದೆ. ಮಾಡುವ ಶಕ್ತಿಗೆ ನಾನು ಕೊಟ್ಟ ಅಂಕಗಳ ಸರಾಸರಿ 3.5 ಬಂತು. ಈ ಕ್ರಮದಲ್ಲಿ ಒಬ್ಬರ ಅಂಕವನ್ನು ಇನ್ನೊಬ್ಬರ ಅಂಕದ ಜೊತೆ ಹೋಲಿಸಲಾಗದು, ಏಕೆಂದರೆ ಅವರ ಕೆಲಸಗಳೇ ಬೇರೆ. ಆದರೆ ಒಬ್ಬಳೇ ಮನುಷ್ಯಳ ಹಿಂದಿನ ಸ್ಥಿತಿಯನ್ನು ಮುಂದಿನದರ ಜೊತೆ ಹೋಲಿಸುವುದಕ್ಕೆ ಇದಕ್ಕಿಂತ ಹತ್ತಿರದ ಅಳತೆ ನನಗೆ ಕಾಣಲಿಲ್ಲ.

ಚಿವುಟು ಹಿಡಿತದ ಬಲವನ್ನು ಸಣ್ಣ ಮಾಪಕದಲ್ಲಿ ಅಳೆದದ್ದೂ, ಹೆಬ್ಬೆರಳನ್ನು ಬುಡದತ್ತ ಒತ್ತಿ ತಿರುಗಿಸಿ ಕೀಲು ಅರೆಯುತ್ತದೆಯೇ ಎಂದು ನೋಡಿದ್ದೂ ಬೇಗ ಮುಗಿದವು.

ನಿದ್ದೆ, ಚಿಂತೆ, ಮನಸ್ಸಿನ ಕುಗ್ಗುವಿಕೆಯ ಬಗ್ಗೆಯೂ ಕೆಲವು ಪ್ರಶ್ನೆಗಳಿದ್ದವು. ಬೆರಳಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, ಈ ಕೀಲಿನ ತೊಂದರೆಯಲ್ಲಿ ರೋಗಿಗಳು ಕೊಡುವ ಅಂಕಗಳಿಗೆ ಎಕ್ಸ್-ರೇಯ ಹಂತಕ್ಕಿಂತ ಮನಸ್ಸಿನ ಸ್ಥಿತಿಯ ಜೊತೆಗೇ ಹೆಚ್ಚು ನಂಟು ಕಂಡುಬಂದಿದೆ, ಮುಂದೆ ಏನಾಗುವುದೋ ಎಂಬ ಭಯ ಅಂಕವನ್ನು ಏರಿಸುತ್ತದೆ ಎಂದರು. ಇದನ್ನು ಕೇಳಿ ನೊಂದುಕೊಳ್ಳುವವರು ಇರಬಹುದು. ನೋವು ಕಲ್ಪನೆ ಎಂದು ಅದರ ಅರ್ಥವಲ್ಲ. ಕಸುಬು ಕೈತಪ್ಪುತ್ತದೆ ಎಂಬ ಚಿಂತೆಯಲ್ಲಿ ಮಲಗಿದವಳಿಗೆ ಅದೇ ಕೀಲು ಬೆಳಗ್ಗೆ ಹೆಚ್ಚು ನೋಯುತ್ತದೆ ಎಂಬುದು ನನ್ನ ಅನುಭವವೂ ಹೌದು, ಅದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಂಡರೆ ಮಾತ್ರ ಮುಂದೆ ಅಂಕ ಇಳಿದಾಗ ಇಳಿದದ್ದು ಯಾವುದರಿಂದ ಎಂದು ತಿಳಿಯಲು ಸಾಧ್ಯ.

ಚಿಕಿತ್ಸೆಯಾಗಿ ಹೆಬ್ಬೆರಳ ಬುಡವನ್ನು ಹಿಡಿದಿಡುವ ಸ್ಪ್ಲಿಂಟನ್ನು ನನ್ನ ಕೈಗೆ ಸರಿಹೊಂದಿಸಿ ಮಾಡಿಕೊಟ್ಟು, ಅಂಗೈಯ ಸ್ನಾಯುಗಳಿಗೆ ವ್ಯಾಯಾಮ ಕಲಿಸಿದರು. ಮೊದಲ ಕೆಲವು ವಾರಗಳಲ್ಲಿ ನನಗೆ ಏನೂ ವ್ಯತ್ಯಾಸ ಕಾಣದೆ ನಿರಾಸೆಯಾದಾಗ, ಫ್ರಾನ್ಸ್‌ನಲ್ಲಿ 112 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಥೆರಪಿಸ್ಟ್ ಉದಾಹರಿಸಿದರು. ರಾತ್ರಿ ಸ್ಪ್ಲಿಂಟ್ ಧರಿಸಿದವರಿಗೂ ಧರಿಸದವರಿಗೂ ಒಂದು ತಿಂಗಳ ಕೊನೆಯಲ್ಲಿ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ, ಆದರೆ 12 ತಿಂಗಳ ಕೊನೆಯಲ್ಲಿ ಧರಿಸಿದವರ ನೋವೂ ತೊಂದರೆಯೂ ಧರಿಸದವರದಕ್ಕಿಂತ ಹೆಚ್ಚು ಇಳಿದಿದ್ದವು. ಒಂದೇ ಸಲ, ಅದೂ ಬೇಗ ಅಳೆದು ಕೈಬಿಟ್ಟಿದ್ದರೆ ಸ್ಪ್ಲಿಂಟ್ ನಿಷ್ಪ್ರಯೋಜಕ ಎಂದು ದಾಖಲಾಗುತ್ತಿತ್ತು. ಹಾಗಾಗಿ ಅಳತೆಯನ್ನು ಯಾವಾಗ ಮಾಡಬೇಕೆಂಬುದನ್ನು ಮೊದಲೇ ಗೊತ್ತುಪಡಿಸಿಕೊಂಡೆವು. ನಡುವೆ ಪ್ರತಿ ಸಂಜೆ ಆ ದಿನದ ಕೆಲಸ ಮತ್ತು ನೋವನ್ನು ಒಂದು ಸಾಲಿನಲ್ಲಿ ಬರೆಯಲು ಹೇಳಿದರು. ವಾರ ಕಳೆದ ಮೇಲೆ ಹಿಂದಿನದನ್ನು ನೆನೆದರೆ ಅತಿ ಕೆಟ್ಟ ಗಳಿಗೆಯೂ ಕೊನೆಯ ಗಳಿಗೆಯೂ ಮುಂದೆ ಬಂದು ನಿಲ್ಲುತ್ತವೆ, ಉಳಿದದ್ದು ಹಿಂದೆ ಸರಿಯುತ್ತದೆ ಎಂಬುದು ನೋವಿನ ನೆನಪಿನ ಬಗ್ಗೆ ತಿಳಿದಿರುವ ಸಂಗತಿ.

ಗೊತ್ತುಪಡಿಸಿದ ದಿನ ಬಂದಾಗ ಮತ್ತೆ ಅದೇ ಮೊದಲ ಪ್ರಶ್ನೆ: ಕಳೆದ ವಾರದ ಸರಾಸರಿ ನೋವು ಎಷ್ಟು? ನನ್ನ ಉತ್ತರ ಮತ್ತೆ ಮೂರು. ಅದೊಂದೇ ಅಂಕಿ ಇದ್ದಿದ್ದರೆ ಇಷ್ಟು ಕಾಲದ ಶ್ರಮದಿಂದ ಏನೂ ಆಗಲಿಲ್ಲ ಎಂದು ಬರೆಯಬೇಕಾಗುತ್ತಿತ್ತು. ಆದರೆ ಆ ವಾರ ನಾನು ದಪ್ಪ ಬಟ್ಟೆ ಕತ್ತರಿಸಿದ್ದೆ, ಗುಂಡಿ ಹೊಲಿದಿದ್ದೆ, ಕೀಲಿಯನ್ನು ಹೆಬ್ಬೆರಳಿನಲ್ಲೇ ತಿರುಗಿಸಿದ್ದೆ. ವಿಶ್ರಾಂತಿಯಲ್ಲಿ ಸೊನ್ನೆ, ಸೂಜಿಯಲ್ಲಿ ಎರಡು, ಕತ್ತರಿಯಲ್ಲಿ ಐದು. ಕ್ವಿಕ್‌ಡ್ಯಾಶ್ ಮೊತ್ತ 23ಕ್ಕೆ ಇಳಿದು ಅಂಕ 27.3 ಆಗಿತ್ತು. ನಾನೇ ಆರಿಸಿದ ನಾಲ್ಕು ಕೆಲಸಗಳ ಸರಾಸರಿ 5.75ಕ್ಕೆ ಏರಿತ್ತು. ನೋವು ಅಷ್ಟೇ ಉಳಿದು ಬದುಕು ದೊಡ್ಡದಾಗಿತ್ತು ಎನ್ನಬೇಕು. ಚಿವುಟು ಹಿಡಿತದ ಬಲ ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಮಾಪಕವನ್ನಷ್ಟೇ ನಂಬುವವರಿಗೆ ಈ ಸುಧಾರಣೆ ಕಾಣುತ್ತಲೇ ಇರಲಿಲ್ಲ.

ಅಂಕ ಇಳಿದರೆ ಸಾಕೇ, ಎಷ್ಟು ಇಳಿದರೆ ಅದು ಮನುಷ್ಯರಿಗೆ ನಿಜವಾಗಿ ಗೊತ್ತಾಗುವಷ್ಟು ಎಂದು ಕೇಳಿದೆ. ಎರಡು ಮೂರು ಅಂಕಗಳ ಏರಿಳಿತ ದಿನದಿಂದ ದಿನಕ್ಕೆ ತಾನಾಗಿಯೇ ಆಗುತ್ತದೆ. ಡ್ಯಾಶ್ ಬಗೆಯ ಅಂಕದಲ್ಲಿ ಸುಮಾರು 10ರಿಂದ 15ರಷ್ಟು ವ್ಯತ್ಯಾಸ, ಸೊನ್ನೆಯಿಂದ ಹತ್ತರ ನೋವಿನ ಅಳತೆಯಲ್ಲಿ ಸುಮಾರು ಎರಡು, ಕೆಲಸಗಳನ್ನು ನಾನೇ ಆರಿಸಿದ ಅಳತೆಯಲ್ಲೂ ಎರಡು, ಇಷ್ಟು ಬದಲಾದರೆ ಗಣನೆಗೆ ತೆಗೆದುಕೊಳ್ಳುವುದು ವಾಡಿಕೆಯಂತೆ. ಆ ಲೆಕ್ಕದಲ್ಲಿ ನನ್ನ 20 ಅಂಕಗಳ ಇಳಿಕೆ ನಂಬತಕ್ಕದ್ದು.

ವೈದ್ಯರು ಎಕ್ಸ್-ರೇಯನ್ನೂ ಈ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಮಾತಾಡಿದರು. ಟ್ರೆಪೀಜಿಯಂ ಮೂಳೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ನೋವು ಚೆನ್ನಾಗಿ ಕಡಿಮೆಯಾಗುತ್ತದೆ, ಆದರೆ ಕೈ ಪೂರ್ತಿ ಬಳಕೆಗೆ ಬರಲು ಹಲವು ತಿಂಗಳು ಹಿಡಿಯುತ್ತದೆ, ನಿಮ್ಮ ಕಸುಬಿನಲ್ಲಿ ಅದು ದೊಡ್ಡ ಅವಧಿ. ಬಲಗೈ ಅಂಕಗಳು ಇಳಿಯುತ್ತಿರುವಾಗ ಈಗ ಅದು ಬೇಡ, ಮೂರನೆಯ ಹಂತದಲ್ಲಿದ್ದರೂ ತೊಂದರೆ ಕೊಡದ ಎಡಗೈಗಂತೂ ಬೇಡವೇ ಬೇಡ ಎಂದರು. ಈ ತೀರ್ಮಾನ ನನ್ನ ಉತ್ತರಗಳಿಂದಲೇ ಬಂದದ್ದರಿಂದ ನನಗೆ ಅದರಲ್ಲಿ ಪೂರ್ಣ ಒಪ್ಪಿಗೆಯಿದೆ.

ಈ ನಡುವೆ ತಾನಾಗಿಯೇ ಬಾಯಿ ತೆರೆಯುವ ಸ್ಪ್ರಿಂಗ್ ಕತ್ತರಿಯೊಂದನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇನೆ, ತೆರೆಯುವಾಗಿನ ಚುಚ್ಚು ಅದರಲ್ಲಿ ಬಹಳ ಕಡಿಮೆ. ಅದನ್ನೇ ಮುಂದಿನ ಅಳತೆಗೂ ತರಲೇ ಎಂದು ಥೆರಪಿಸ್ಟ್ ಅವರನ್ನು ಕೇಳಿದೆ. "ಕೆಲಸಕ್ಕೆ ಧಾರಾಳವಾಗಿ ಅದನ್ನೇ ಬಳಸಿ ಅಮ್ಮಾ, ಪರೀಕ್ಷೆಗೆ ಮಾತ್ರ ಹಳೆಯದೇ ಬರಲಿ, ಇಲ್ಲದಿದ್ದರೆ ಬದಲಾದದ್ದು ಕೈಯೋ ಕತ್ತರಿಯೋ ಗೊತ್ತಾಗುವುದಿಲ್ಲ" ಎಂದರು. ಹಳೆಯ ಕತ್ತರಿಗೆ ಸಾಣೆಯನ್ನೂ ಹಿಡಿಸದೆ, ಅದೇ ಬಟ್ಟೆಯ ಇನ್ನೊಂದು ತುಂಡಿನ ಜೊತೆ ಬೇರೆಯಾಗಿ ಎತ್ತಿಟ್ಟಿದ್ದೇನೆ. ಮುಂದಿನ ಅಳತೆ ಆರು ತಿಂಗಳಿಗೆ.